ಗುಂಪು ಕಟ್ಟಿದರೆ ಗದ್ದಲ, ಬಿಟ್ಟರೆ ಮೌನ: ಮಕ್ಕಳು ಮಾತಾಡುತ್ತ ಕೂಡಿ ಕಲಿಯುವ ತರಗತಿಗೆ ಒಂದು ಕ್ರಮ

ಮುಂಬೈಯ ಕನ್ನಡ ಮಾಧ್ಯಮದ ಶಿಕ್ಷಕರು ನಾಲ್ಕು ಜನ ಕೂಡಿದಲ್ಲೆಲ್ಲ ಈ ದೂರು ಕಿವಿಗೆ ಬೀಳುತ್ತದೆ: "ಗುಂಪು ಚಟುವಟಿಕೆ ಮಾಡಿಸಿದೆ. ಹತ್ತು ನಿಮಿಷ ಬರೀ ಗದ್ದಲ. ಕೊನೆಗೆ ಅದೇ ಇಬ್ಬರು ಹುಡುಗಿಯರು ಬರೆದರು, ಉಳಿದವರು ನೋಡುತ್ತ ಕೂತರು." ಪಕ್ಕದ ಕೋಣೆಯ ಮರಾಠಿ ಮಾಧ್ಯಮದ ಶಿಕ್ಷಕಿ ಎದ್ದು ಬಂದು ಬಾಗಿಲು ಎಳೆದುಕೊಂಡು ಹೋದರು ಅನ್ನುವುದು ಆ ದೂರಿನ ಬಾಲ. ಮರುದಿನದಿಂದ ಮತ್ತೆ ಹಲಗೆ, ಸೀಮೆಸುಣ್ಣ, "ಬರಕೊಳ್ಳಿ".

ನಾನೂ ಮೂರ್ನಾಲ್ಕು ವರ್ಷ ಹೀಗೇ ಕೆಡಿಸಿದವಳು. ತಪ್ಪು ಮಕ್ಕಳದ್ದಲ್ಲ, ಕ್ರಮದ್ದು. ಪಕ್ಕದವರ ಮಾತು ಕೇಳಿಸಿಕೊಳ್ಳುವ ರೂಢಿಯೇ ಇಲ್ಲದ ಮಕ್ಕಳನ್ನು ಆರಾರು ಮಂದಿಯಂತೆ ಕೂರಿಸುತ್ತೇವೆ. ಅದರ ಮೇಲೆ, ಜಾಣ ಮಗು ಒಂದೇ ಮುಗಿಸಿಬಿಡಬಹುದಾದ ಕೆಲಸ ಕೊಡುತ್ತೇವೆ. ಗದ್ದಲವಾಗದೆ ಇನ್ನೇನಾದೀತು? ಮೊದಲು ಜೋಡಿ, ಆಮೇಲೆ ನಾಲ್ವರು. ಮೊದಲು ಕೇಳುವುದು, ಆಮೇಲೆ ಹೇಳುವುದು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಐದನೆಯ ತರಗತಿಯ 26 ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದೇನೆ. ಮೂರರಿಂದ ಏಳರವರೆಗೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ನಡೆಯುತ್ತದೆ.

ಬೇಕಾಗುವ ಸಾಮಾನು

ಮಗುವಿಗೆ ಮೂರರಂತೆ ಹುಣಸೆ ಬೀಜ, ಹಾಳೆಯ ಹಿಂಬದಿ ಖಾಲಿ ಇರುವ ಹಳೆಯ ಕ್ಯಾಲೆಂಡರುಗಳು, ಗುಂಪಿಗೊಂದು ದಪ್ಪ ಸ್ಕೆಚ್ ಪೆನ್, ಮೊಬೈಲಿನ ಟೈಮರ್, ಬಾರಿಸಲು ಒಂದು ಗಂಟೆ ಅಥವಾ ಸ್ಟೀಲ್ ಲೋಟ ಮತ್ತು ಚಮಚ. ಇವುಗಳ ಜೊತೆಗೆ 100 ಪುಟದ ಒಂದು ನೋಟ್‌ಬುಕ್, ಅದು ನಿಮಗೆ. ಪ್ರಾಜೆಕ್ಟರ್, ಬಣ್ಣದ ಚಾರ್ಟ್ ಪೇಪರ್ ಯಾವುದೂ ಬೇಡ. ಚಾರ್ಟ್ ಪೇಪರ್ ಕೊಟ್ಟರೆ ಮಕ್ಕಳು ಅಂಚಿಗೆ ಹೂಬಳ್ಳಿ ಬಿಡಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ, ಕಂಡಿದ್ದೇನೆ.

ಹಂತ 1: ಬೆಂಚಿಗಿಂತ ಮೊದಲು ಜೋಡಿ

ಸ್ನೇಹಿತರನ್ನೇ ಜೋಡಿ ಮಾಡಬೇಡಿ, ಜಗಳವಾಡುವವರನ್ನೂ ಬೇಡ. ಹಾಜರಿ ಪುಸ್ತಕ ತೆರೆದು ಪ್ರತಿ ಹೆಸರಿನ ಮುಂದೆ ಎರಡು ಗುರುತು ಹಾಕಿ: ಓದು ಹೇಗೆ, ಬಾಯಿ ಬಿಡುವುದು ಹೇಗೆ. ಓದಿನಲ್ಲಿ ತೀರ ಮುಂದಿರುವವರನ್ನು ತೀರ ಹಿಂದಿರುವವರ ಜೊತೆ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಒಬ್ಬರು ಮೇಷ್ಟ್ರು, ಇನ್ನೊಬ್ಬರು ಪ್ರೇಕ್ಷಕರು. ಮುಂದಿರುವವರ ಜೊತೆ ನಡುವಿನವರು, ನಡುವಿನವರ ಜೊತೆ ಹಿಂದಿರುವವರು, ಇದು ತಾಳುತ್ತದೆ.

ಈ ಜೋಡಿ ಮೂರು ವಾರ ಇರಲಿ. ವಾರಕ್ಕೊಮ್ಮೆ ಬದಲಿಸಿದರೆ ಪರಿಚಯವಾಗುವಷ್ಟರಲ್ಲಿ ಬಿಟ್ಟುಹೋಗುತ್ತದೆ. ಮನೆಯಿಂದ "ನಮ್ಮ ಹುಡುಗಿನ್ನ ಹುಡುಗನ ಹತ್ರ ಕೂಡಿಸಬ್ಯಾಡ್ರಿ" ಅಂತ ಬಂದರೆ ವಾದಕ್ಕೆ ಇಳಿಯಬೇಡಿ. ಬೆಂಚು ಬೇರೆ ಮಾಡಿ, ಜೋಡಿ ಹಾಗೇ ಇಡಿ. ಹಿಂದೆ ತಿರುಗಿ ಮಾತಾಡಿಕೊಳ್ಳುತ್ತಾರೆ.

ಹಂತ 2: ಮೂರು ಸೆಕೆಂಡು ಬಾಯಿ ಮುಚ್ಚಿಕೊಳ್ಳುವುದು (ನೀವು)

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹೊಸ ಬಾಯಿಗಳು ತೆರೆಯುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳನ್ನು ಧ್ವನಿಮುದ್ರಿಸಿ ಅಳೆದು ತೋರಿಸಿದ್ದರು. ನಿಮ್ಮದೇ ಒಂದು ಪೀರಿಯಡ್ಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ. ನಾನು ಕೇಳಿದಾಗ ನಾಚಿಕೆಯಾಯಿತು. ಪ್ರಶ್ನೆ ನನ್ನದೇ, ಅದಕ್ಕೆ ಸುಳಿವೂ ನನ್ನದೇ, ಉತ್ತರದ ಅರ್ಧವೂ ನನ್ನದೇ.

ಒಂದು ವಾರ ಇದೊಂದನ್ನೇ ಅಭ್ಯಾಸ ಮಾಡಿ. ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಲೋಕಲ್ ರೈಲಿನ ಮೂರು ನಿಲ್ದಾಣ, "ದಾದರ್, ಮಾಟುಂಗಾ, ಸಾಯನ್" ಅಂದುಕೊಳ್ಳಿ, ಆಮೇಲೆ ಹೆಸರು ಕರೆಯಿರಿ. ಕೈ ಎತ್ತುವ ಪದ್ಧತಿ ಆ ವಾರ ಬೇಡ. ಕೈ ಎತ್ತುವವರು ಆರು ಮಂದಿ ಇರುತ್ತಾರೆ. ಉಳಿದ ಇಪ್ಪತ್ತು ಮಂದಿ ಆ ಆರು ಕೈಗಳನ್ನು ನೋಡಿದ ಕೂಡಲೇ ಯೋಚನೆ ನಿಲ್ಲಿಸುತ್ತಾರೆ.

ಹಂತ 3: ಜೋಡಿ ಮಾತು, ಆದರೆ ಗೆಳೆಯನ ಉತ್ತರ ಹೇಳಬೇಕು

ಒಂದು ನಿಮಿಷ ಒಬ್ಬರೇ ಯೋಚಿಸಿ ಪಾಟಿಯ ಮೇಲೆ ಎರಡು ಶಬ್ದ ಬರೆಯುವುದು. ಎರಡು ನಿಮಿಷ ಜೋಡಿಯ ಜೊತೆ ಮಾತು. ಆಮೇಲೆ ಎಲ್ಲರ ಮುಂದೆ ಹೇಳುವುದು. ಇಷ್ಟು ಎಲ್ಲ ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. ಕೆಡುವುದು ಮೂರನೆಯ ಭಾಗದಲ್ಲಿ. "ಈಗ ನಿನ್ನ ಉತ್ತರ ಹೇಳು" ಅಂದಿರೋ, ಜೋಡಿ ಮಾತಿನ ಎರಡು ನಿಮಿಷವೂ ಮಗು ತನ್ನ ಉತ್ತರವನ್ನೇ ಜಪಿಸುತ್ತ ಕೂರುತ್ತದೆ.

ಅದಕ್ಕೇ ನನ್ನ ತರಗತಿಯ ನಿಯಮ: ಎದ್ದು ನಿಂತವರು ಹೇಳುವುದು ಪಕ್ಕದವರ ಉತ್ತರವನ್ನು. ಮೊದಲ ದಿನ ಯಾದಗಿರಿ ಕಡೆಯ ಒಬ್ಬ ಹುಡುಗ ಎದ್ದು ನಿಂತು, ತಲೆ ಕೆರೆದು, "ಟೀಚರ್, ಇಕಿ ಏನಂದಳು ನಾ ಕೇಳೇ ಇಲ್ರಿ" ಅಂದ. ಯಾರೂ ನಗಲಿಲ್ಲ, ಯಾಕೆಂದರೆ ಅರ್ಧ ತರಗತಿಯ ಸ್ಥಿತಿ ಅದೇ ಆಗಿತ್ತು. "ಕೂತು ಕೇಳ್ಕೊಂಡು ಹೇಳು, ನಾವು ಕಾಯ್ತೀವಿ" ಅಂದೆ. ಎರಡನೆಯ ವಾರದಲ್ಲಿ ಅವನು ತಾನೇ "ಇನ್ನೊಮ್ಮೆ ಹೇಳಲೇ" ಅಂತ ಅವಳ ಕಡೆ ಬಗ್ಗುತ್ತಿದ್ದ. ಆ ಬಗ್ಗುವಿಕೆ ಕಂಡ ಮೇಲೆ ಮುಂದಿನ ಹಂತ.

ಪ್ರಶ್ನೆ ಹೇಗಿರಬೇಕು? ಒಂದೇ ಶಬ್ದದ ಉತ್ತರವಿರುವ ಪ್ರಶ್ನೆಗೆ ಜೋಡಿ ಬೇಡವೇ ಬೇಡ. "ಮಹಾರಾಷ್ಟ್ರದ ರಾಜಧಾನಿ ಯಾವುದು" ಎಂಬುದರಲ್ಲಿ ಮಾತಾಡಲು ಏನಿದೆ? "ಮುಂಬೈಗೆ ಊರಿಂದ ಜನ ಯಾಕೆ ಬರುತ್ತಾರೆ, ಎರಡು ಕಾರಣ" ಎಂದು ಕೇಳಿ. ಪ್ರತಿಯೊಬ್ಬರ ಮನೆಯಲ್ಲೂ ಉತ್ತರ ಇದೆ.

ಹಂತ 4: ಯಾವ ಕನ್ನಡ?

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಶಾಲೆಗಳಲ್ಲಿ ಮಾತು ಸಾಯುವುದು ಬಹುಪಾಲು ಇಲ್ಲಿಯೇ. ನನ್ನ ತರಗತಿಯಲ್ಲಿ ಕಲಬುರಗಿ, ವಿಜಯಪುರದ ಕನ್ನಡ ಇದೆ, ಮನೆಯಲ್ಲಿ ತುಳು ಮಾತಾಡುವ ಮಕ್ಕಳಿದ್ದಾರೆ, ಲಂಬಾಣಿ ಮಾತಾಡುವವರಿದ್ದಾರೆ. ಗಲ್ಲಿಗೆ ಇಳಿದರೆ ಎಲ್ಲರದ್ದೂ ಮುಂಬೈ ಹಿಂದಿ. ಪಠ್ಯಪುಸ್ತಕದ ಕನ್ನಡ ಇದ್ಯಾವುದೂ ಅಲ್ಲ.

ಒಮ್ಮೆ ಒಬ್ಬಳು ಹುಡುಗಿ ಜೋಡಿಯ ಉತ್ತರ ಹೇಳುತ್ತ "ನಳಕ್ಕ ನಸುಕಿನ ನಾಕಕ್ಕ ನೀರ ಬರ್ತದರಿ" ಅಂದಳು. ನಾನು ನಡುವೆ ಬಾಯಿ ಹಾಕಿ, "ನಲ್ಲಿಯಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ನೀರು ಬರುತ್ತದೆ, ಹೇಳು" ಅಂದೆ. ಅವಳು ಹೇಳಿದಳು. ಆಮೇಲೆ ಹತ್ತು ದಿನ ಏನೂ ಹೇಳಲಿಲ್ಲ. ಅಷ್ಟು ಒಳ್ಳೆಯ ವಾಕ್ಯವನ್ನು ನಾನು ಕೆಡಿಸಿ ಕೊಟ್ಟಿದ್ದೆ.

ಈಗಿನ ನಿಯಮ ಹೀಗಿದೆ. ಜೋಡಿಯಲ್ಲಿ, ಗುಂಪಿನಲ್ಲಿ ಯಾವ ಭಾಷೆ ಬೇಕಾದರೂ ಆಗಲಿ, ಹಿಂದಿಯೂ ಆಗಲಿ. ಎಲ್ಲರೆದುರು ಹೇಳುವಾಗ ಕನ್ನಡ, ಅದು ಮನೆಯ ಕನ್ನಡವಾದರೂ ಸರಿ. ಹಾಳೆಯ ಮೇಲೆ ಬರೆಯುವಾಗ ಮಾತ್ರ ಪುಸ್ತಕದ ಕನ್ನಡ. ತಿದ್ದುವುದೂ ಅಲ್ಲಿ ಮಾತ್ರ. ಒಬ್ಬರ ಮಾತಿಗೆ ಇನ್ನೊಬ್ಬರು "ಗಾವಠಿ" (ಹಳ್ಳಿಗಾಡಿನದು) ಅಂದರೆ ಆ ಕ್ಷಣವೇ ಕೆಲಸ ನಿಲ್ಲಿಸಿ. ಬೇರೆ ಯಾವ ತಪ್ಪನ್ನಾದರೂ ಪೀರಿಯಡ್ ಮುಗಿದ ಮೇಲೆ ನೋಡಿಕೊಳ್ಳಬಹುದು, ಇದನ್ನಲ್ಲ.

ಗೋಡೆಯ ಮೇಲೆ ನಾಲ್ಕು ವಾಕ್ಯ ಬರೆದು ಅಂಟಿಸಿ, ಮಕ್ಕಳ ಬಾಯಿಯ ಕನ್ನಡದಲ್ಲೇ: "ನನಗ ತಿಳೀಲಿಲ್ಲ, ಇನ್ನೊಮ್ಮೆ ಹೇಳು." "ಅದು ಖರೆ, ಆದ್ರ…" "ನಿನಗ ಹ್ಯಾಂಗ ಗೊತ್ತು?" "ನೀ ಇನ್ನೂ ಹೇಳಿಲ್ಲ, ಹೇಳು." ಭಿನ್ನಾಭಿಪ್ರಾಯಕ್ಕೆ ಮಾತು ಸಿಗದಾಗಲೇ ಮಕ್ಕಳು ಮೊಣಕೈಯಿಂದ ತಿವಿಯುವುದು.

ಹಂತ 5: ನಾಲ್ವರ ಗುಂಪು

ಒಂದರಿಂದ ನಾಲ್ಕನೆಯ ಹಂತಕ್ಕೆ ಒಂದು ತಿಂಗಳು ಹಿಡಿಯುತ್ತದೆ. ಅವಸರ ಮಾಡಿದವರೇ ನನ್ನ ಹತ್ತಿರ ದೂರು ತರುವುದು.

ಎರಡು ಜೋಡಿ ಎದುರುಬದುರಾದರೆ ಗುಂಪು ಆಯಿತು. 26 ಮಕ್ಕಳಿದ್ದರೆ ನಾಲ್ವರ ಐದು ಗುಂಪು, ಮೂವರ ಎರಡು ಗುಂಪು. ಐವರದ್ದು ಬೇಡ, ಐದನೆಯ ಮಗು ಯಾವಾಗಲೂ ಕಿಟಕಿಯ ಕಡೆ ನೋಡುತ್ತಿರುತ್ತದೆ. ಎದುರು ಬೆಂಚು ತಿರುಗಿಸಲು ಜಾಗ ಇಲ್ಲದ ಕೋಣೆಯಾದರೆ (ಎರಡು ಪಾಳಿಯ ಕಟ್ಟಡಗಳಲ್ಲಿ ಬೆಂಚು ಅಲುಗಿಸಿದರೆ ಮಧ್ಯಾಹ್ನದ ಶಾಲೆಯವರು ಕೂಗಾಡುತ್ತಾರೆ) ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಸಾಕು. ತಿರುಗುವುದನ್ನು ಪಾಠವಿಲ್ಲದೆ ಎರಡು ಮೂರು ಸಲ ಅಭ್ಯಾಸ ಮಾಡಿಸಿ. 20 ಸೆಕೆಂಡಿನಲ್ಲಿ ಆಗಬೇಕು.

ಗುಂಪಿಗೆ ಒಂದೇ ಹಾಳೆ, ಒಂದೇ ಪೆನ್. ನಾಲ್ಕು ಹಾಳೆ ಕೊಟ್ಟರೆ ನಾಲ್ಕು ಒಂಟಿ ಕೆಲಸ. ಪ್ರತಿ ಮಗುವಿಗೆ ಒಂದರಿಂದ ನಾಲ್ಕರವರೆಗೆ ಸಂಖ್ಯೆ ಕೊಡಿ. ಮಾತು ಮುಗಿದ ಮೇಲೆ ನೀವು ಒಂದು ಸಂಖ್ಯೆ ಕೂಗಿ. ಪ್ರತಿ ಗುಂಪಿನ ಆ ಸಂಖ್ಯೆಯ ಮಗು ಎದ್ದು ಹೇಳಬೇಕು. ಯಾವ ಸಂಖ್ಯೆ ಎಂದು ಮೊದಲೇ ತಿಳಿಯದ್ದರಿಂದ ಎಲ್ಲರನ್ನೂ ತಯಾರು ಮಾಡುವುದು ಗುಂಪಿನ ಜವಾಬ್ದಾರಿಯಾಗುತ್ತದೆ. ಜಾಣೆ ಹುಡುಗಿ ತಾನೇ ಬರೆದು ಮುಗಿಸುವ ಬದಲು ಪಕ್ಕದವನಿಗೆ ಹೇಳಿಕೊಡಲು ಶುರುಮಾಡುವುದು ಇಲ್ಲಿ.

"ನಾಯಕ" ಎಂಬ ಪಟ್ಟ ಮಾತ್ರ ಕೊಡಬೇಡಿ. ನಾಯಕನಾದವನು ಎರಡೇ ದಿನದಲ್ಲಿ ಮಾನಿಟರ್ ಆಗುತ್ತಾನೆ, ಹೆಸರು ಬರೆದು ನಿಮ್ಮ ಮುಂದೆ ತಂದಿಡುತ್ತಾನೆ. ಬರೆಯುವವರು, ಸಮಯ ನೋಡುವವರು, "ಎಲ್ಲರೂ ಹೇಳಿದರಾ" ಎಂದು ಕೇಳುವವರು, ಟೀಚರ್ ಹತ್ತಿರ ಬರುವವರು: ಈ ನಾಲ್ಕು ಕೆಲಸ ಸಾಕು, ಪ್ರತಿ ಸಲ ಕೈ ಬದಲಾಗಲಿ. ನಿಮ್ಮ ಹತ್ತಿರ ಬರುವವರು ಗುಂಪಿಗೆ ಒಬ್ಬರೇ ಎಂದಾಗ ಅರ್ಧ ಗದ್ದಲ ತಾನಾಗಿ ಇಳಿಯುತ್ತದೆ.

ಹಂತ 6: ಹುಣಸೆ ಬೀಜ

ಪ್ರತಿ ಮಗುವಿನ ಕೈಯಲ್ಲಿ ಮೂರು ಬೀಜ. ಒಂದು ಸಲ ಮಾತಾಡಿದರೆ ಒಂದು ಬೀಜ ನಡುವೆ ಇಡಬೇಕು. ಮೂರೂ ಮುಗಿದವರು ಉಳಿದವರ ಬೀಜ ಖಾಲಿಯಾಗುವವರೆಗೆ ಸುಮ್ಮನಿರಬೇಕು. ಮೊದಲ ದಿನ ಬಾಯಾಳಿ ಮಕ್ಕಳು ಒಂದೇ ನಿಮಿಷದಲ್ಲಿ ದಿವಾಳಿಯಾಗಿ ಚಡಪಡಿಸುವುದು ನೋಡಲು ಮಜ. ಮೂರನೆಯ ದಿನ ಅವರೇ ಲೆಕ್ಕ ಹಾಕಿ ಖರ್ಚು ಮಾಡುತ್ತಾರೆ.

ಎರಡು ವಾರಕ್ಕಿಂತ ಹೆಚ್ಚು ಎಳೆಯಬೇಡಿ. ಬೀಜ ಇಡುವುದೇ ಆಟವಾಗಿಬಿಡುತ್ತದೆ. ಮೌನವಾಗಿರುವ ಮಗು "ಹೌದು" ಎಂದಷ್ಟೇ ಹೇಳಿ ಬೀಜ ಇಟ್ಟರೆ ಮೊದಲ ವಾರ ಒಪ್ಪಿಕೊಳ್ಳಿ. ಎರಡನೆಯ ವಾರ "ಹೌದು, ಯಾಕಂದ್ರ…" ಎಂದರೆ ಮಾತ್ರ ಬೀಜ.

ಹಂತ 7: ತುಂಡು ಜೋಡಿಸುವ ಪಾಠ

ಜಿಗ್ಸಾ ಎಂದು ಕರೆಯುವ ಈ ವಿಧಾನವನ್ನು 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಶಾಲೆಗಳಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮೊದಲು ನಡೆಸಿದರು. ಪಾಠವನ್ನು ನಾಲ್ಕು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಒಂದೇ ತುಂಡು ಸಿಕ್ಕವರೆಲ್ಲ ಬೇರೆ ಕೂತು ಅದನ್ನು ಅರೆದು ಕುಡಿದು, ಮರಳಿ ತಮ್ಮ ಗುಂಪಿಗೆ ಬಂದು ಕಲಿಸುವುದು. ಶಿಕ್ಷಕರು ಅತಿ ಹೆಚ್ಚು ಸೋಲುವುದೂ ಇದರಲ್ಲೇ. ಕಾರಣ ಒಂದೇ: ತುಂಡುಗಳು ಒಂದಕ್ಕೊಂದು ಬೇಕಾಗುವುದಿಲ್ಲ. ನಾಲ್ಕು ಪ್ಯಾರಾ ಹಂಚಿ ನಾಲ್ಕು ಪ್ಯಾರಾ ಕೇಳಿದರೆ ಅದು ಗಟ್ಟಿ ಓದು ಅಷ್ಟೇ. ಎಲ್ಲ ತುಂಡು ಸೇರದೆ ಬಿಡಿಸಲಾಗದ ಒಂದು ಪ್ರಶ್ನೆ ಮೊದಲು ಹುಡುಕಿ, ಆಮೇಲೆ ತುಂಡು ಮಾಡಿ.

ನನಗೆ ಕೈಹಿಡಿದದ್ದು ಮುಂಬೈಯ ನೀರು. ಪ್ರಶ್ನೆ: "ಜುಲೈಯಲ್ಲಿ ವಿಹಾರ, ತುಳಸಿ ಕೆರೆ ತುಂಬಿ ಚೆಲ್ಲಿದರೂ ನೀರು ಕಡಿತ ಯಾಕೆ ನಿಲ್ಲುವುದಿಲ್ಲ?" ಮುಂಬೈಗೆ ನೀರು ಕೊಡುವ ಏಳು ಜಲಾಶಯಗಳೂ ತುಂಬಿದಾಗಿನ ನೀರು ಸುಮಾರು 14.47 ಲಕ್ಷ ದಶಲಕ್ಷ ಲೀಟರ್. ಮಕ್ಕಳಿಗೆ ಈ ಸಂಖ್ಯೆ ಬೇಡ. ಒಟ್ಟು 100 ಕೊಡ ಅಂತ ಮಾಡಿಕೊಂಡೆ, ತುಂಡಿಗೊಂದರಂತೆ ನಾಲ್ಕು ಚೀಟಿ ಬರೆದೆ.

ಚೀಟಿ 1, ವಿಹಾರ ಮತ್ತು ತುಳಸಿ: ನಗರದೊಳಗೇ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿವೆ, ವಿಹಾರ ಚೆಲ್ಲಿದರೆ ಮೀಠಿ ನದಿಗೆ ನೀರು, ಎರಡೂ ಕೂಡಿ ಎರಡೂವರೆ ಕೊಡ. ಚೀಟಿ 2, ತಾನ್ಸಾ: ಠಾಣೆ ಜಿಲ್ಲೆಯ ಶಹಾಪುರ ತಾಲೂಕು, 1892ರದ್ದು, ಅದರ ದಪ್ಪ ಕೊಳವೆ ಘಾಟ್‌ಕೋಪರ್, ಕುರ್ಲಾ ಕಡೆ ಜೋಪಡಿಗಳ ಪಕ್ಕದಲ್ಲೇ ಹಾಯುತ್ತದೆ, 10 ಕೊಡ. ಚೀಟಿ 3, ವೈತರಣಾ ನದಿಯ ಮೂರು (ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ): 38 ಕೊಡ. ಚೀಟಿ 4, ಭಾತ್ಸಾ: ಇದೂ ಶಹಾಪುರ ತಾಲೂಕು, ಒಂದೇ ಜಲಾಶಯದಲ್ಲಿ ಸುಮಾರು 50 ಕೊಡ.

ಸಮಯ ಹೀಗೆ ಹಂಚಿ. 35 ನಿಮಿಷದ ಎರಡು ಪೀರಿಯಡ್ ಬೆನ್ನುಬೆನ್ನಿಗೆ ಬೇಕು. ಒಂದರಲ್ಲಿ ಮುಗಿಸಲು ಹೋಗಬೇಡಿ. ಚೀಟಿ ಒಬ್ಬರೇ ಓದಲು 5 ನಿಮಿಷ. ಒಂದೇ ಚೀಟಿಯವರು ಕೂತು ಮಾತಾಡಲು 15. ಇಲ್ಲಿ ನೀವು ಪ್ರತಿ ಗುಂಪಿಗೂ ಹೋಗಿ ತಪ್ಪು ತಿಳಿವಳಿಕೆ ಹಿಡಿಯಬೇಕು. ಇಲ್ಲಿ ತಪ್ಪಿದ್ದು ಏಳೂ ಗುಂಪಿಗೆ ಹರಡುತ್ತದೆ. ಏಳು ಮಂದಿ ಒಂದೇ ಚೀಟಿಯವರಾದರೆ ಮೂರು, ನಾಲ್ಕು ಎಂದು ಒಡೆಯಿರಿ. ಮರಳಿ ತಮ್ಮ ಗುಂಪಿನಲ್ಲಿ ಕಲಿಸಲು ತಲೆಗೆ 4 ನಿಮಿಷ, ಚೀಟಿ ಮಡಿಚಿಟ್ಟು. ಚೀಟಿ ಕೈಯಲ್ಲಿದ್ದರೆ ಓದಿ ಹೇಳುತ್ತಾರೆ, ಕಲಿಸುವುದಿಲ್ಲ. ಉಳಿದ ಹೊತ್ತು ದೊಡ್ಡ ಪ್ರಶ್ನೆಗೆ.

ಮೂವರ ಗುಂಪಿಗೆ ಚೀಟಿ 1 ಕೊಡಬೇಡಿ. ಆ ಭಾಗವನ್ನು ಪಕ್ಕದ ಗುಂಪಿನವರನ್ನು ಕರೆದು ಕೇಳಿಕೊಳ್ಳಲಿ. ಅವತ್ತು ಬಾರದ ಮಗುವಿನ ಚೀಟಿಗೂ ಇದೇ ಉಪಾಯ. ಓದು ಕಷ್ಟವಾಗುವ ಮಗುವಿಗೆ ಸುಲಭದ ಚೀಟಿ ಕೊಡುವ ಬದಲು ಹಿಂದಿನ ದಿನ ಐದು ನಿಮಿಷ ಜೊತೆಗೆ ಕೂತು ಅದೇ ಚೀಟಿ ಓದಿಸಿ.

ಕೊನೆಯ ಹತ್ತು ನಿಮಿಷದಲ್ಲಿ ಕಿಟಕಿ ಪಕ್ಕದ ಗುಂಪಿನಲ್ಲಿ ಒಬ್ಬ ಹುಡುಗ ರೇಗಿದ: "ವಿಹಾರ ತುಂಬಿ ಚೆಲ್ಲಾಕತ್ತದ ಅಂದ್ರ ನಮಗ್ಯಾಕ ನೀರಿಲ್ಲ?" ಚೀಟಿ 1ರ ಹುಡುಗಿ, ಹಿಂದೊಮ್ಮೆ ನಾನು ತಿದ್ದಿ ಬಾಯಿ ಮುಚ್ಚಿಸಿದವಳೇ, ಎರಡು ಬೆರಳು ಎತ್ತಿ ಮೂರನೆಯದನ್ನು ಅರ್ಧ ಮಡಿಚಿ ತೋರಿಸಿದಳು: "ಅದು ಎರಡೂವರಿ ಕೊಡ ಅಷ್ಟ. ಭಾತ್ಸಾ ತುಂಬೂ ತನಕ ಸುಮ್ನ ಕೂಡು."

ಹಂತ 8: ಅಂಕ

ಗುಂಪಿಗೆಲ್ಲ ಒಂದೇ ಅಂಕ ಕೊಟ್ಟಿರೋ, ಮರುದಿನ ಮನೆಯವರು ಬಾಗಿಲಲ್ಲಿ. ಅವರು ಹೇಳುವುದೂ ಸರಿಯೇ. ಮಾತು ಗುಂಪಿನಲ್ಲಿ, ಪರೀಕ್ಷೆ ಒಬ್ಬೊಬ್ಬರದ್ದು. ಮರುದಿನ ಬೆಳಿಗ್ಗೆ ಐದು ಪ್ರಶ್ನೆ, ಪಾಟಿಯ ಮೇಲೆ. ಅದರಲ್ಲಿ ನಾಲ್ಕು ಬೇರೆಯವರ ಚೀಟಿಯಿಂದ. ಮಗುವನ್ನು ಅದರದೇ ಹಿಂದಿನ ಅಂಕದ ಜೊತೆ ಹೋಲಿಸಿ, ಎಷ್ಟು ಏರಿತೋ ಅಷ್ಟನ್ನು ಗುಂಪಿನ ಖಾತೆಗೆ ಜಮಾ ಮಾಡಿ. ಒಂದರಿಂದ ನಾಲ್ಕಕ್ಕೆ ಬಂದವನು ಐದರಲ್ಲೇ ಇದ್ದವಳಿಗಿಂತ ಹೆಚ್ಚು ತಂದುಕೊಡುತ್ತಾನೆ. ಹಿಂದುಳಿದವರು ಗುಂಪಿಗೆ ಹೊರೆ ಎಂಬ ಗೊಣಗು ಇದರಿಂದ ನಿಲ್ಲುತ್ತದೆ. ಐದಕ್ಕೆ ಐದು ತೆಗೆದವರಿಗೆ ಏರಲು ಜಾಗವಿಲ್ಲವಲ್ಲ, ಅವರಿಗೂ ಎರಡು ಜಮಾ.

ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಗದ್ದಲ ಸ್ವತಃ ಕೆಟ್ಟ ಲಕ್ಷಣವಲ್ಲ. ಕಿವಿಗೊಟ್ಟು ಕೇಳಿ: ಪಾಠದ ಶಬ್ದಗಳು ಕಿವಿಗೆ ಬೀಳುತ್ತಿದ್ದರೆ ಬಿಡಿ. ಪಕ್ಕದ ಕೋಣೆಯವರಿಗೆ ಮಾತ್ರ ಮುಂಚಿತವಾಗಿ ಹೇಳಿಟ್ಟಿರಿ, ಅವರ ಪರೀಕ್ಷೆಯ ದಿನ ಇಟ್ಟುಕೊಳ್ಳಬೇಡಿ.

ಮೂರೇ ನಿಮಿಷಕ್ಕೆ "ಟೀಚರ್ ಆಯ್ತು" ಎಂದರೆ ಕೆಲಸ ತೀರ ಸುಲಭ, ಅಥವಾ ಒಬ್ಬರೇ ಮಾಡಿದ್ದಾರೆ. ಹಾಳೆ ಯಾರ ಕಡೆ ಮುಖ ಮಾಡಿದೆ ನೋಡಿ. ನಾಲ್ವರ ನಡುವೆ ಇರಬೇಕಾದದ್ದು ಒಬ್ಬರ ಎದೆಗೆ ಅಂಟಿದ್ದರೆ ಎತ್ತಿ ನಡುವೆ ಇಡಿ, ಬೈಯಬೇಡಿ. ಎಲ್ಲ ಗುಂಪಿನ ಉತ್ತರವೂ ಒಂದೇ ಆಗಿದ್ದರೆ ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇತ್ತು. ನೀವು ಬಳಿ ಬಂದ ಕೂಡಲೇ ಮಾತು ನಿಂತರೆ ನೀವು ತುಂಬ ತಿದ್ದುತ್ತಿದ್ದೀರಿ. ಹಂತ 4ಕ್ಕೆ ವಾಪಸು ಹೋಗಿ. ನಡೆಯುತ್ತಲೇ ಇಲ್ಲ ಅನಿಸಿದರೆ ಗಂಟೆ ಬಾರಿಸಿ, ಜೋಡಿಗೆ ಇಳಿಸಿ. ಜೋಡಿಗೆ ಇಳಿಸುವುದು ಸೋಲಲ್ಲ, ನಾನು ಈಗಲೂ ತಿಂಗಳಿಗೆ ಒಂದೆರಡು ಸಲ ಇಳಿಸುತ್ತೇನೆ.

ಪ್ರತಿ ಪೀರಿಯಡ್ ಮುಗಿದ ಮೇಲೆ ಆ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು: ಇವತ್ತು ಯಾರು ಬಾಯಿ ತೆರೆಯಲಿಲ್ಲ, ಯಾರು ಬೇರೆಯವರನ್ನು ಮಾತಾಡಿಸಿದರು. ಒಂದೇ ಹೆಸರು ಮೂರು ಸಲ ಮೊದಲ ಸಾಲಿನಲ್ಲಿ ಬಂದರೆ ಗುಂಪು ಬದಲಿಸುವುದಕ್ಕಿಂತ ಮೊದಲು ಜೋಡಿ ಬದಲಿಸಿ.

ಊರಿಗೆ ಹೋಗಿ ಬಂದ ಮಗು

ನಮ್ಮಲ್ಲಿ ಇದು ತಪ್ಪದು. ಜಾತ್ರೆ, ಮದುವೆ, ಸುಗ್ಗಿ ಎಂದು ಮಗು ಒಂದು ತಿಂಗಳು ಕಾಣೆಯಾಗುತ್ತದೆ. "ಊರಿಗೆ ಹೋಗ್ಯಾಳ್ರಿ" ಎಂದು ಉಳಿದವರು ಹೇಳುತ್ತಾರೆ. ಬಂದ ದಿನವೇ ಗುಂಪಿಗೆ ತಳ್ಳಬೇಡಿ. ಅಷ್ಟರಲ್ಲಿ ಮೂವರು ಒಂದು ಲಯ ಹಿಡಿದಿರುತ್ತಾರೆ, ಇವಳು ಹೊರಗಿನವಳಾಗುತ್ತಾಳೆ. ಮೊದಲ ಮೂರು ದಿನ ಹಳೆಯ ಜೋಡಿಯ ಜೊತೆ ಮಾತ್ರ ಕೂರಿಸಿ, ಊರಿನ ಸುದ್ದಿಯೇ ಆಗಲಿ ಎರಡು ನಿಮಿಷ ಮಾತಾಡಲಿ, ಜೋಡಿಯವನು ಅದನ್ನು ಎದ್ದು ನಿಂತು ಎಲ್ಲರಿಗೂ ಹೇಳಲಿ. ನಾಲ್ಕನೆಯ ದಿನ ಗುಂಪು. ಅವಳ ಮೂರು ಬೀಜ ಅಷ್ಟು ದಿನವೂ ಡಬ್ಬಿಯಲ್ಲಿ ಎತ್ತಿಟ್ಟಿರಿ.